ಮೀನಿಗೆ ಹಗಲು ಕಲಿಸಿದ ಮೇಷ್ಟ್ರು

ಹೋದ ವಾರ ಹರಿಹರದಿಂದ ಬಂದಿದ್ದ ನನ್ನ ಹಳೆಯ ಶಿಷ್ಯೆಯೊಬ್ಬಳು ಚಹಾ ಲೋಟ ಕೆಳಗಿಡುತ್ತ, "ಟೀಚರ್, ನಿಮ್ಮ ಮೀನಿನ ಮೇಷ್ಟ್ರು ಹೋಗಿಬಿಟ್ರಂತೆ" ಅಂದಳು. ಅಂಥ ಸುದ್ದಿ ಕೇಳಿದಾಗ ಜನ ಅನ್ನುವ ಮಾತು ಯಾವುದೂ ನನ್ನ ಬಾಯಿಗೆ ಬರಲಿಲ್ಲ. "ಬದುಕಿಕೊಂಡರು ಬಿಡು" ಅಂದೆ. ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಮೊದಲಿನಿಂದಲೂ ಹೀಗೆ, ಬಾಯಿ ಸ್ವಲ್ಪ ಒರಟು. ಆದರೆ ಆವತ್ತು ಅಂದದ್ದರಲ್ಲಿ ಒರಟುತನ ಇರಲಿಲ್ಲ. ಆ ಮನುಷ್ಯನನ್ನು ಹತ್ತಿರದಿಂದ ಕಂಡವರು ಯಾರೇ ಆದರೂ ಹಾಗೇ ಅನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ನಯಾಪೈಸೆ ಚಲಾವಣೆಗೆ ಬಂದ ಹೊಸದರಲ್ಲಿ. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಒಂದು ವಠಾರ. ನಡುವೆ ಅಂಗಳ, ಸುತ್ತ ಬಾಡಿಗೆ ಮನೆಗಳು. ನಾನು ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ, ತಾಯಿಯ ಜೊತೆ ಅಲ್ಲೊಂದು ಮನೆಯಲ್ಲಿದ್ದೆ. ಗೋಡೆಯ ಆಚೆ ಮೇಷ್ಟ್ರು ಮತ್ತು ಅವರ ಹೆಂಡತಿ. ಅವರು ಹರಿಹರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಬೆಳಿಗ್ಗೆ ರೈಲಿಗೆ ಹೋಗುವುದು, ಸಂಜೆ ರೈಲಿಗೆ ಬರುವುದು. ಸ್ಕೂಲಿದ್ದ ಊರಿನಲ್ಲೇ ಮನೆ ಮಾಡಬಾರದೇ ಎಂದು ಯಾರೋ ಕೇಳಿದ್ದಕ್ಕೆ, "ಇವಳ ಕಣ್ಣಿನ ಡಾಕ್ಟ್ರು ಇಲ್ಲಿ ಅದಾರಲ್ರಿ" ಅಂದಿದ್ದರು.

ಸಣಕಲು ಮೈ, ಉದ್ದ ಕತ್ತು, ಯಾವ ಋತುವಿನಲ್ಲೂ ಕಂಕುಳಲ್ಲಿ ಕೊಡೆ. ಮಾತಾಡುವಾಗ ಎರಡೂ ಅಂಗೈ ಉಜ್ಜಿಕೊಳ್ಳುವರು, ಸೀಮೆಸುಣ್ಣದ ಪುಡಿ ಇನ್ನೂ ಹೋಗಿಲ್ಲವೇನೋ ಎಂಬಂತೆ. ಸಂಜೆ ಬಂದವರು ಸೀದಾ ಮನೆಯೊಳಗೆ ಹೋಗುತ್ತಿರಲಿಲ್ಲ. ಹೊಸ್ತಿಲಲ್ಲಿ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಲ್ಲುವರು. ಮೊದಮೊದಲು ನಾನು ದೇವರ ಧ್ಯಾನ ಇರಬೇಕು ಅಂದುಕೊಂಡಿದ್ದೆ. ಒಳಗೆ ಕಗ್ಗತ್ತಲು, ಹೊರಗಿನ ಬೆಳಕು ಕಣ್ಣಿನಿಂದ ಇಳಿಯುವ ತನಕ ಹೆಂಡತಿ ಎಲ್ಲಿ ಕೂತಿದ್ದಾಳೆ ಎಂದು ಕಾಣದು, ಅದಕ್ಕೆ ಹಾಗೆ ನಿಲ್ಲುವುದು ಅಂತ ಆಮೇಲೆ ತಿಳಿಯಿತು.

ಆ ಹೆಂಗಸಿಗೆ ನಾನು ಅಕ್ಕ ಅನ್ನುತ್ತಿದ್ದೆ. ವಿಷಮಜ್ವರ ಬಂದು ಹೋದ ಮೇಲೆ ಅಕ್ಕನ ಕಣ್ಣು ಕೆಂಪಗಾಗಿ ನಿಂತಿತ್ತು. ಬೆಳಕು ಬಿದ್ದರೆ ಕಣ್ಣೊಳಗೆ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಬಿಸಿಲು ಹಾಗಿರಲಿ, ಒಲೆಯ ಬೆಂಕಿಯನ್ನೂ ನೋಡುವಂತಿರಲಿಲ್ಲ. ಅಡುಗೆಯನ್ನು ಮೇಷ್ಟ್ರೇ ಬೆಳಗಿನ ಜಾವ ಎದ್ದು ಮಾಡಿಟ್ಟು ಹೋಗುತ್ತಿದ್ದರು. ಡಾಕ್ಟರು ಕಣ್ಣಿಗೆ ಹನಿ ಔಷಧಿ ಕೊಟ್ಟು, "ಕತ್ತಲಾಗೇ ಇರಲಿ. ಬೆಳಕು ತಡ್ಕೊಳ್ಳೋ ಹಂಗಾತು ಅಂದ್ರೆ ವಾಸಿ ಆಗಾಕ ಹತ್ತೈತೆ ಅಂತ ತಿಳ್ಕಳ್ರಿ" ಎಂದಿದ್ದರಂತೆ. ಆ ಒಂದು ಮಾತನ್ನು ಮೇಷ್ಟ್ರು ಗಟ್ಟಿಯಾಗಿ ಹಿಡಿದುಕೊಂಡರು. ಡಾಕ್ಟರು ಇನ್ನೂ ಏನೇನೋ ಹೇಳಿರಬಹುದು, ಇವರ ಕಿವಿಗೆ ಬಿದ್ದದ್ದು ಅದೊಂದೇ.

ಅಜ್ಜಿಯ ಕಥೆ ಹೇಳದೆ ಮೀನಿನ ಕಥೆ ಹೇಳಲಾಗದು. ಅಜ್ಜಿ ಎಂದರೆ ವಠಾರದ ಯಜಮಾನಿ. ಮಕ್ಕಳಿಗೆ ಮಂಡಿಪೇಟೆಯಲ್ಲಿ ಅಂಗಡಿ, ಇವರಿಗೆ ವಠಾರದ ದರ್ಬಾರು. ಹಣೆ ತುಂಬ ವಿಭೂತಿ, ದಿನಾ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕುವವರಲ್ಲ. ಈರುಳ್ಳಿ ಹುರಿದ ವಾಸನೆ ಕೊಂಚ ಬೇರೆಯಾಗಿ ಬಂದರೂ, "ಏನ್ರೀ ಅದು?" ಎಂದು ಕಿಟಕಿಗೆ ಬಂದು ಕೇಳುವವರು. ಅಂಥವರ ಅಂಗಳಕ್ಕೆ ಒಂದು ಮಧ್ಯಾಹ್ನ ಕೈಗಾಡಿಯ ಮೇಲೆ ಗಾಜಿನ ತೊಟ್ಟಿ ಬಂತು. ಹತ್ತಿ ಮಿಲ್ಲಿನಲ್ಲಿ ಬೊಂಬಾಯಿ ಕಡೆಯ ನೇಯ್ಗೆ ಮಾಸ್ತರರೊಬ್ಬರಿದ್ದರು. ಅವರ ಮಕ್ಕಳಿಗೆ ಮೇಷ್ಟ್ರು ಭಾನುವಾರ ಪಾಠ ಹೇಳುತ್ತಿದ್ದರು. ಅವರು ಊರು ಬಿಡುವಾಗ ತೊಟ್ಟಿಯನ್ನು ಅದರೊಳಗಿನ ಒಂದೇ ಒಂದು ಮೀನಿನ ಸಮೇತ ಮೇಷ್ಟ್ರಿಗೆ ಕೊಟ್ಟು ಹೋದರು.

ಅಂಥ ಮೀನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗೇಣುದ್ದ, ಕಪ್ಪು ಮೈ, ಮೈಮೇಲೆ ಈಚಲು ಬೊಡ್ಡೆಯಂಥ ಗಡಸು ತೊಗಟೆ. ಬಾಯಿ ಮುಂದೆ ಇರದೆ ಕೆಳಗಡೆ ಇತ್ತು. ಆ ಬಾಯಿಯಿಂದ ಗಾಜನ್ನು ಕಚ್ಚಿ ಹಿಡಿದು ಪಾಚಿ ಕೆರೆದು ತಿನ್ನುತ್ತಿತ್ತು. ಅಮೆರಿಕಾದ ದಕ್ಷಿಣದ ಹೊಳೆಗಳದ್ದು, ಹಡಗಿನಲ್ಲಿ ಬೊಂಬಾಯಿಗೆ ಬಂದದ್ದು ಎಂದು ಮೇಷ್ಟ್ರು ಹೇಳಿದರು. ಅಜ್ಜಿಗೆ ಅಮೆರಿಕಾ ಬೇಕಾಗಿರಲಿಲ್ಲ.

"ಲಿಂಗಪೂಜಿ ಆಗೋ ಮನಿಯಾಗ ಮೀನು ತಂದೀರಲ್ಲ ಮೇಷ್ಟ್ರೇ, ನಿಮಗ ಬುದ್ಧಿ ಐತೋ ಇಲ್ಲೋ? ಇವತ್ತೇ ತಗಂಡ್ ಹೋಗ್ರಿ. ಇಲ್ಲಾಂದ್ರೆ ನೀವೂ ಹೋಗ್ರಿ."

"ಅಮ್ಮಾರೆ, ಇದು ಏನೂ ಮುಟ್ಟಲ್ರಿ. ಪಾಚಿ, ಸೊಪ್ಪು, ಸೌತೆಕಾಯಿ, ಅಷ್ಟೇ ತಿನ್ನೋದು."

"ಹುಳ ಹುಪ್ಪಡಿ?"

"ಕೊಟ್ಟು ನೋಡೀನಿ, ಮೂಸಿ ಸೈತ ನೋಡಲ್ರಿ."

ಅಜ್ಜಿ ತೊಟ್ಟಿಯ ಹತ್ತಿರ ಬಗ್ಗಿ ನೋಡಿದರು. ಮೀನು ಕಟ್ಟಿಗೆಯ ತುಂಡಿನ ಅಡಿಗೆ ಸೇರಿಕೊಂಡಿತ್ತು, ಬಾಲವಷ್ಟೇ ಕಾಣುತ್ತಿತ್ತು. "ಹಂಗಾದ್ರೆ ನಮ್ಮ ಪೈಕಿನೇ ಬಿಡ್ರಿ" ಅಂದು ಒಳಗೆ ಹೋದರು. ಮರುದಿನದಿಂದ ಸೌತೆಕಾಯಿಯ ತುದಿ ಬುಡಗಳೆಲ್ಲ ಅಜ್ಜಿಯ ಮನೆಯಿಂದಲೇ ಬರತೊಡಗಿದವು.

ನಮ್ಮ ಬಾವಿಯ ಸವುಳು ನೀರು ಮೀನಿಗೆ ಆಗಿಬರಲಿಲ್ಲ. ಮೇಷ್ಟ್ರು ಹರಿಹರದ ಹೊಳೆಯಿಂದ ತಗಡಿನ ಡಬ್ಬದಲ್ಲಿ ನೀರು ತುಂಬಿ ರೈಲಿನಲ್ಲಿ ತರುತ್ತಿದ್ದರು. ಒಂದು ಸಲ ಟಿಕೆಟ್ ಕಲೆಕ್ಟರು ಹಿಡಿದರು. ನಾನೂ ಆ ಗಾಡಿಯಲ್ಲಿದ್ದೆ, ಹರಿಹರದಲ್ಲಿ ನಂಟರ ಮನೆಗೆ ಹೋಗಿ ಬರುತ್ತಿದ್ದೆ.

"ಏನ್ರಿ ಡಬ್ಬದಾಗ?"

"ನೀರ್ರಿ. ಕುಡಿಯಾಕ."

"ಹದಿನೈದು ನಿಮಿಷದ ದಾರಿಗೆ ಇಷ್ಟು ನೀರಡಿಕಿ ಏನ್ರಿ ಮೇಷ್ಟ್ರೇ?"

ಮೇಷ್ಟ್ರು ಒಂದು ಗುಟುಕು ಕುಡಿದು ತೋರಿಸಿದರು. ಹೊಳೆಗೆ ಹೊಸನೀರು ಬಂದಿದ್ದ ಕಾಲ, ಡಬ್ಬದಲ್ಲಿದ್ದದ್ದು ಕೆಮ್ಮಣ್ಣಿನ ರಾಡಿ. ಕಲೆಕ್ಟರು ಕೈ ಮುಗಿದು ಮುಂದೆ ಹೋದರು. ಅಂಥ ಮನುಷ್ಯ ಅವರು. ಸುಳ್ಳು ಹೇಳಲು ಬಾರದು, ಹೇಳಿದ ಮೇಲೆ ಬಿಡಲೂ ಬಾರದು. ಆ ಗುಣವೇ ಮುಂದೆ ಬದುಕಿರುವ ತನಕ ಅವರನ್ನು ತಿಂದಿತು ಎಂದು ನನಗೆ ಅನ್ನಿಸುತ್ತದೆ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಒಳಕೋಣೆಯಿಂದ ನಡುಮನೆಗೆ ಬರುತ್ತಿದ್ದರು. ಬಲ್ಬು ಹಾಕುವಂತಿಲ್ಲ. ಮೂಲೆಯಲ್ಲಿ ಒಂದು ಬುಡ್ಡಿ ದೀಪ, ಅದಕ್ಕೂ ಮೊರದ ಮರೆ. ಅದೇ ಹೊತ್ತಿಗೆ ಮೀನೂ ಕಟ್ಟಿಗೆಯ ಅಡಿಯಿಂದ ಹೊರಗೆ ಬಂದು ಗಾಜಿನ ಮೇಲೆ ಹತ್ತುತ್ತಿತ್ತು. ಅಕ್ಕ ತೊಟ್ಟಿಯ ಎದುರಿಗೆ ಕೂತು ನೋಡುವರು. ನಾನು ಹೂವು ಕಟ್ಟುತ್ತ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ಸಂಜೆ ಅಕ್ಕ ನಕ್ಕು, "ಇದೂ ನನ್ನಂಗೇ ನೋಡ್ರಿ, ಹಗಲು ಕಂಡ್ರೆ ಆಗಲ್ಲ" ಅಂದರು. ಮೇಷ್ಟ್ರು ಕೈ ಉಜ್ಜಿಕೊಳ್ಳುವುದನ್ನು ನಿಲ್ಲಿಸಿ ಮೀನನ್ನೇ ನೋಡತೊಡಗಿದರು. ಅವರ ತಲೆಯಲ್ಲಿ ಆ ಹುಳ ಹೊಕ್ಕದ್ದು ಆ ಸಂಜೆಯೇ.

ಮೀನಿಗೆ ಹಗಲು ಅಭ್ಯಾಸ ಮಾಡಿಸಲು ಬಂದರೆ ಹೆಂಡತಿಗೂ ಮಾಡಿಸಬಹುದು ಎಂಬುದು ಅವರ ಲೆಕ್ಕ. ಓದಿದ ಮನುಷ್ಯ, ಮೀನಿನ ಕಣ್ಣೇ ಬೇರೆ, ಮನುಷ್ಯರ ಕಾಯಿಲೆಯೇ ಬೇರೆ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಮುಖಕ್ಕೆ ಹೊಡೆದಂತೆ ಕೇಳಿಯೂ ಕೇಳಿದ್ದೆ. "ಗೊತ್ತೈತ್ರಿ ಟೀಚರ್ರೇ. ಸುಮ್ಮನೆ ಕೂಡಾಕಾದ್ರೂ ಹೆಂಗಾಗ್ತೈತೆ?" ಅಂದರು. ಹನಿ ಔಷಧಿ, ನಂದಿಬಟ್ಟಲ ಹೂವಿನ ರಸ, ಎಳೆ ಬಾಣಂತಿಯ ಹಾಲು, ಯಾವುದೂ ಕೆಲಸ ಮಾಡದೆ ಇದ್ದಾಗ ಮನುಷ್ಯ ಏನನ್ನು ಹಿಡಿದುಕೊಳ್ಳಬೇಕು?

ಮಿಲ್ಲಿನ ತುಂಡು ಬಟ್ಟೆ ಸೇರಿನ ಲೆಕ್ಕದಲ್ಲಿ ಸಿಗುತ್ತಿದ್ದ ಕಾಲ ಅದು. ಮೇಷ್ಟ್ರು ದಪ್ಪ, ತೆಳು ಎಲ್ಲ ನಮೂನೆಯ ತುಂಡು ತಂದು, ತೊಟ್ಟಿಯನ್ನು ಬಾಗಿಲ ಬೆಳಕಿಗೆ ಸರಿಸಿ, ಅದರ ಸುತ್ತ ಪದರ ಪದರವಾಗಿ ಹೊದಿಸಿದರು. ಅಷ್ಟೇ ಪದರ ಅಕ್ಕನ ಕೋಣೆಯ ಕಿಟಕಿಗೂ ಹಾಕಿದರು. ಮೊದಲು ತೊಟ್ಟಿಯದು ಒಂದು ಪದರ ತೆಗೆಯುವುದು. ಆ ಬೆಳಕಿನಲ್ಲಿ ಮೀನು ಹಗಲು ಹೊತ್ತು ಹೊರಗೆ ಬರುವ ತನಕ ಕಾಯುವುದು. ಅದು ಬಂದ ಮೇಲೆ ಕಿಟಕಿಯದು ಒಂದು ಪದರ ತೆಗೆಯುವುದು. ಹಗಲಿನಲ್ಲಿ ಮೇಷ್ಟ್ರು ಊರಲ್ಲಿರದ ಕಾರಣ ಮೀನು ಬಂತೋ ಇಲ್ಲವೋ ಎಂದು ನೋಡುವ ಕೆಲಸ ಅಜ್ಜಿಯ ಪಾಲಿಗೆ ಬಂತು. ಅಜ್ಜಿ ಪೂಜೆ ಮುಗಿಸಿ ಬಂದು, ಬಟ್ಟೆಯ ಸಂದಿಯಲ್ಲಿ ಇಣುಕಿ, ಸಂಜೆ ವರದಿ ಒಪ್ಪಿಸುತ್ತಿದ್ದರು. "ಮೀಸಿ ಹೊರಗ ಹಾಕಿತ್ತು, ಮೈ ಒಳಗೇ ಇತ್ತು" ಎಂದೋ, "ಇವತ್ತು ಒಲ್ಲೆ ಅಂತು" ಎಂದೋ.

ಒಂದು ಭಾನುವಾರ ಮೇಷ್ಟ್ರಿಗೆ ತಾಳ್ಮೆ ಕೆಟ್ಟಿತು. ಹಿಂದಿನ ದಿನ ಅಕ್ಕನಿಗೆ ಕಣ್ಣು ಸಿಡಿದು, ಗೋಡೆಗೆ ಹಣೆ ಒತ್ತಿ ಅಳುವುದು ನಮ್ಮ ಮನೆಗೂ ಕೇಳಿಸಿತ್ತು. ಬೆಳಿಗ್ಗೆ ಮೇಷ್ಟ್ರು ತೊಟ್ಟಿಯ ಬಟ್ಟೆಯನ್ನೆಲ್ಲ ಒಮ್ಮೆಲೇ ಕಿತ್ತು, ಕಟ್ಟಿಗೆ ತುಂಡನ್ನೂ ಎತ್ತಿ ಹೊರಗಿಟ್ಟರು. ಮೀನು ಆ ಗೋಡೆಯಿಂದ ಈ ಗೋಡೆಗೆ ಅಪ್ಪಳಿಸಿಕೊಂಡಿತು. ಕೊನೆಗೆ ಮೂಲೆಯಲ್ಲಿ ತಲೆ ತುರುಕಿ ಬಿದ್ದಿತು, ಮೈಯ ಕಪ್ಪೆಲ್ಲ ಇಳಿದು ಬೂದಿಯ ಬಣ್ಣ ಬಂದಿತ್ತು. ಅದರ ಕಣ್ಣೊಳಗೆ ಒಂದು ಸಣ್ಣ ಪರದೆ ಇದೆ ಎಂದು ನನಗೆ ತಿಳಿದದ್ದು ಆಗ. ಬೆಳಕು ಹೆಚ್ಚಾದಂತೆ ಆ ಪರದೆ ಇಳಿದು, ಕಣ್ಣಗೊಂಬೆ ಉಗುರಂಚಿನಷ್ಟು ಗೆರೆಯಾಗಿ ಉಳಿಯುತ್ತದೆ. ಮೇಷ್ಟ್ರು ಅದನ್ನೇ ನೋಡುತ್ತ ಕೂತಿದ್ದರು. "ನೋಡ್ರಿ, ಇದಕ್ಕ ದೇವರು ಬಾಗಿಲು ಇಟ್ಟಾನೆ. ಅವಳಿಗೆ ಇಡಲಿಲ್ಲ" ಅಂದರು. ಗಂಡಸೊಬ್ಬ ಹಾಗೆ ಬಿಕ್ಕಿ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನೋಡಿ ನನಗೆ ಸಿಟ್ಟೂ ಬಂತು. ಆ ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಕಟ್ಟಿಗೆಯನ್ನು ಮತ್ತೆ ನೀರಿಗಿಟ್ಟರು. ಅದೊಂದು ಸಂಗತಿ ಅವರಿಗೆ ಹೊಳೆದದ್ದು ಆಗಲೇ: ಅಡಗಲು ಜಾಗ ಹತ್ತಿರ ಇದ್ದರೆ ಮೀನು ಧೈರ್ಯ ಮಾಡುತ್ತದೆ, ಇಲ್ಲದಿದ್ದರೆ ಇಲ್ಲ. ತೊಟ್ಟಿಗೆ ಇನ್ನೊಂದು ಕಟ್ಟಿಗೆ ಬಂತು, ಮೇಲೆ ತೇಲುವ ಹೊಳೆ ಸೊಪ್ಪು ಬಂತು. ಅಕ್ಕನ ಕೋಣೆಯ ಮೂಲೆಯಲ್ಲಿ ಒಂದು ಕರಿ ಕಂಬಳಿ ಇಳಿಬಿಟ್ಟರು. ಬೆಳಕು ತಾಳದಾದಾಗ ಅದರ ಹಿಂದೆ ಹೋಗಿ ಕೂರಬಹುದು. ಅಕ್ಕ ಮೊದಮೊದಲು ದಿನವೆಲ್ಲ ಕಂಬಳಿಯ ಹಿಂದೆಯೇ ಇರುತ್ತಿದ್ದರು.

ಚಳಿಗಾಲ ಕಳೆಯುವ ಹೊತ್ತಿಗೆ ಮೀನು ಬದಲಾಯಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೆಳು ಬಟ್ಟೆಯ ಒಂದೇ ಪದರದ ಬೆಳಕಿನಲ್ಲಿ, ಮಧ್ಯಾಹ್ನದ ಮಿಲ್ಲಿನ ಕೂಗು ಆಗುವ ಹೊತ್ತಿನಲ್ಲಿ, ಅದು ಕಟ್ಟಿಗೆಯ ಮೇಲೆ ಕೂತು ಸೌತೆಕಾಯಿ ತಿನ್ನುತ್ತಿತ್ತು. ಕಣ್ಣಿನ ಪರದೆ ಇಳಿದಿತ್ತು, ಆದರೆ ಹೆದರಿಕೆ ಇರಲಿಲ್ಲ. ಮೈಯ ಕಪ್ಪೂ ಹೋಗಿರಲಿಲ್ಲ. ಅಜ್ಜಿಯ ವರದಿ ಕೇಳಿದ ಮೇಷ್ಟ್ರು ಅಂಗಳದಲ್ಲೇ ಕೊಡೆ ಕೆಳಗೆ ಬೀಳಿಸಿದರು.

ಅಕ್ಕನೂ ಬದಲಾದರು. ಕಂಬಳಿಯ ಹಿಂದೆ ಹೋಗುವುದು ಕಡಿಮೆಯಾಯಿತು. ಪದರ ತೆಗೆದ ದಿನ ಮೊದಲು ಮೊದಲು ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಿದ್ದವರು, ಈಗ "ಏನೂ ಆಗಲಿಲ್ರಿ" ಅನ್ನತೊಡಗಿದರು. ನೋವಿನ ಕೂಗು ಗೋಡೆಯಾಚೆಯಿಂದ ಕೇಳುವುದು ನಿಂತಿತು. ಡಾಕ್ಟರ ಹತ್ತಿರ ಹೋಗೋಣವೆಂದು ಮೇಷ್ಟ್ರು ಕರೆದರೆ, "ಈಗ ಯಾಕ್ರಿ? ಕಡಿಮಿ ಆಗೈತಲ್ಲ" ಎಂದರು. ಮೇಷ್ಟ್ರಿಗೂ ಅದು ಸರಿ ಅನ್ನಿಸಿತು. ಡಾಕ್ಟರು ಹೇಳಿದ ಗುರುತು ಕಣ್ಣೆದುರಿಗೇ ಇತ್ತಲ್ಲ.

ಆ ದಿನಗಳಲ್ಲಿ ಮೇಷ್ಟ್ರು ಬೇರೆ ಮನುಷ್ಯರಾಗಿದ್ದರು. ರೈಲಿನಲ್ಲಿ ಕಂಡವರಿಗೆಲ್ಲ ಮೀನಿನ ಕಥೆ. ವಠಾರದ ಯಾರಿಗೆ ಏನೇ ಕಾಯಿಲೆ ಬರಲಿ, "ಅವಸರ ಬ್ಯಾಡ್ರಿ, ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡ್ಬೇಕು" ಎಂದು ಬುದ್ಧಿ ಹೇಳುವರು. ಮಂಡಿಪೇಟೆಗೆ ಹೋಗಿ ಅಕ್ಕನಿಗೊಂದು ಹಸಿರು ಸೀರೆ ತಂದರು. "ಬಿಸಿಲಿಗೆ ಬಂದ ದಿನ ಉಡಲಿ" ಎಂದು ನನ್ನ ಕೈಗೆ ಕೊಟ್ಟು ಇಡಿಸಿದರು. ಅಷ್ಟು ಆಸೆ ಪಟ್ಟ ಮುಖವನ್ನು ನೋಡುವುದೇ ನನಗೆ ಹೆದರಿಕೆಯಾಗುತ್ತಿತ್ತು.

ಯುಗಾದಿ ಇನ್ನೇನು ಹತ್ತಿರ ಇತ್ತು. ಆ ಭಾನುವಾರ ಮೇಷ್ಟ್ರು ಕಿಟಕಿಯ ಕೊನೆಯ ಪದರ ತೆಗೆದು, "ಹೊರಗ ಬಾ, ನೋಡಾಣ" ಎಂದು ಕೈ ಹಿಡಿದರು. ನಾನು ಸೀರೆ ಉಡಿಸಿದ್ದೆ. ಅಜ್ಜಿ ಒಬ್ಬಟ್ಟಿಗೆ ಬೇಳೆ ಬೇಯಲಿಟ್ಟು ಬಂದಿದ್ದರು. ವಠಾರದವರೆಲ್ಲ ಅಂಗಳದಲ್ಲಿ ನಿಂತಿದ್ದೆವು. ತೊಟ್ಟಿಯನ್ನೂ ಬಟ್ಟೆ ತೆಗೆದು ಜಗುಲಿಗೆ ತಂದು ಇಟ್ಟಿದ್ದರು, ಹಗಲಿನಲ್ಲಿ ಓಡಾಡುವ ಮೀನನ್ನು ಹೆಂಡತಿ ಹಗಲಿನಲ್ಲೇ ನೋಡಬೇಕು ಎಂದು.

ಅಕ್ಕ ಹೊಸ್ತಿಲು ದಾಟಿ ಸುಡುವ ಬಿಸಿಲಿಗೆ ಬಂದರು. ಕಣ್ಣು ಮುಚ್ಚಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ. ಮುಖ ಮೇಲೆತ್ತಿ ನಿಂತರು. ನಮಗೆಲ್ಲ ಕಣ್ಣು ಕುಕ್ಕುವ ಆ ಬಿಸಿಲಿನಲ್ಲಿ ಅವರ ರೆಪ್ಪೆ ಅಲುಗಲಿಲ್ಲ. ಅಜ್ಜಿ "ಶಿವಾ ಶಿವಾ" ಎಂದು ಕಣ್ಣೊರೆಸಿಕೊಂಡರು. ಮೇಷ್ಟ್ರು ನಗುತ್ತಿದ್ದರು, ಅಳುತ್ತಿದ್ದರು, ಎರಡೂ ಒಟ್ಟಿಗೆ.

ಅವರನ್ನು ಜಗುಲಿಗೆ ಕರೆತಂದು ತೊಟ್ಟಿಯ ಎದುರು ಕೂರಿಸಿದರು. ಅಷ್ಟು ಜನ ಮುತ್ತಿಕೊಂಡದ್ದಕ್ಕೋ ಏನೋ, ಮೀನು ಹೆದರಿ ಕಟ್ಟಿಗೆಯ ಅಡಿಗೆ ಪೂರ್ತಿ ಸೇರಿಕೊಂಡಿತ್ತು. ಬರಿ ನೀರು, ಬರಿ ಗಾಜು. ಮೇಷ್ಟ್ರು ಹೆಂಡತಿಯ ಮುಖವನ್ನು ನೋಡುವುದರಲ್ಲಿ ಅದನ್ನು ಗಮನಿಸಿರಲಿಲ್ಲ.

"ನೋಡು, ನಿನ್ನ ಗೆಳತಿ. ಹೆಂಗ್ ಐತೆ ನೋಡು ಹಗಲೊತ್ತಿನಾಗ."

ಅಕ್ಕ ತೊಟ್ಟಿಯ ಕಡೆ ಮುಖ ಮಾಡಿ, ತುಂಬ ಇಷ್ಟಪಟ್ಟವರಂತೆ ನಕ್ಕು, "ಹೌದಲ್ರಿ, ಎಷ್ಟು ಚೆಂದ ಗಾಜು ಹಿಡ್ಕೊಂಡೈತಲ್ರಿ" ಅಂದರು.

ಕತ್ತಲು ಕೋಣೆಯಲ್ಲಿ ಬಳೆಯ ಸದ್ದಿನಿಂದ ನನ್ನನ್ನು ಗುರುತಿಸುತ್ತಿದ್ದದ್ದು, ಗೋಡೆ ಸವರಿಕೊಂಡು ನಡೆಯುತ್ತಿದ್ದದ್ದು, ಉಡಿಸುವಾಗ ಸೀರೆಯ ಬಣ್ಣ ಯಾವುದೆಂದು ಕೇಳಿದ್ದು, ಎಲ್ಲ ಒಟ್ಟಿಗೆ ನನ್ನ ಕಣ್ಣೆದುರು ಬಂದು ನಿಂತವು. ಕತ್ತಲಲ್ಲಿ ಎಲ್ಲರೂ ಹಾಗೇ ತಾನೇ ನಡೆಯುವುದು ಎಂದುಕೊಂಡಿದ್ದೆವು. ಬೆಳಕು ಚುಚ್ಚುವುದು ಬಿಟ್ಟದ್ದು ಕಣ್ಣು ವಾಸಿಯಾಗಿ ಅಲ್ಲ, ಕಣ್ಣೇ ಹೋಗಿ. ಪದರ ತೆಗೆದಷ್ಟೂ ಗಂಡನ ದನಿಯಲ್ಲಿ ಏರುತ್ತಿದ್ದ ಸಂತೋಷವನ್ನು ಕೇಳಿಸಿಕೊಂಡು, ಆ ಹೆಂಗಸು ಯಾರಿಗೂ ಹೇಳದೆ ಒಳಗೊಳಗೇ ಕುರುಡಿಯಾಗಿದ್ದಳು.

ಅಜ್ಜಿ ಬಾಯಿ ತೆರೆದರು. ಮೇಷ್ಟ್ರು ಅವರ ಕಡೆ ತಿರುಗದೆ ಕೈ ಎತ್ತಿ ತಡೆದರು. ಅವರು ಮೀನು ಕಾಣದ ತೊಟ್ಟಿಯನ್ನು ನೋಡಿದರು, ಹೆಂಡತಿಯ ತೆರೆದ ಕಣ್ಣನ್ನು ನೋಡಿದರು. ಆಮೇಲೆ ರೈಲಿನಲ್ಲಿ ರಾಡಿ ನೀರು ಕುಡಿದ ಆ ಮನುಷ್ಯ, "ಹೌದು. ಈಗ ಮ್ಯಾಲೆ ಹತ್ತಾಕ ಹತ್ತೈತೆ" ಅಂದರು.

"ಕಾಣ್ತೈತ್ರಿ" ಅಂದರು ಅಕ್ಕ.

ನಾವೆಲ್ಲ ಒಬ್ಬೊಬ್ಬರೇ ಅಲ್ಲಿಂದ ಸರಿದೆವು. ಅವರಿಬ್ಬರೇ ಜಗುಲಿಯ ಮೇಲೆ ಉಳಿದರು. ನಾನು ನಮ್ಮ ಬಾಗಿಲಿಗೆ ಆನಿಕೊಂಡು ನಿಂತಿದ್ದೆ. ಬಿಸಿಲು ನೆತ್ತಿಗೆ ಬಂದು ಜಗುಲಿಯ ಕಲ್ಲು ಕಾಯತೊಡಗಿತ್ತು. ಮೇಷ್ಟ್ರು ಹೆಂಡತಿಯ ಮೊಣಕೈ ಹಿಡಿದು ಎಬ್ಬಿಸಲು ನೋಡಿದರು.

"ಒಳಗ ಹೋಗಾಣ, ಸಾಕು ಇವತ್ತಿಗೆ."

"ಇನ್ನೊಂಚೂರು ಕೂಡ್ತೀನ್ರಿ" ಅಂದರು ಅಕ್ಕ, ಸೂರ್ಯನ ಕಡೆಗೆ ಮುಖ ಎತ್ತಿ. "ಕಣ್ಣಿಗೆ ಏನೂ ಆಗವಲ್ದು."